ಜೋಶುವಾ ಟ್ರೀ ಒಳಗ ಡಬಲ್ ಕ್ರಾಸ್ ಅನ್ನೂ ಬಂಡೆ ಹತ್ತೂ ರೂಟ್ ಲೀಡ್ ಮಾಡಬೇಕಂತೀನಿ (ಹಗ್ಗ ಸಿಗಿಸ್ಕೋತ ಎಲ್ಲಾರಕಿಂತ ಮೊದ್ಲ ಹತ್ತೂದು), ಬಾದಾಮಿ ಅನುಭವ ಸಾಕಾಗ್ತೈತೇನ್ರಿ?

ಧಾರವಾಡ_ಕಲ್ಲೇರಿ:
ನಮಸ್ಕಾರ್ರೀ ಎಲ್ಲಾರಿಗೂ. ಡಿಸೆಂಬರ್‌ನ್ಯಾಗ ಆಫೀಸ್ ಕೆಲಸಕ್ಕ ಕ್ಯಾಲಿಫೋರ್ನಿಯಾಕ್ಕ ಹೊಂಟೀನಿ, ವೀಕೆಂಡ್ ಸಿಕ್ರ ಜೋಶುವಾ ಟ್ರೀ ನ್ಯಾಷನಲ್ ಪಾರ್ಕ್‌ಗೆ ಹೋಗೂದೈತಿ. ಅಲ್ಲೆ ಹಿಡನ್ ವ್ಯಾಲಿ ಕ್ಯಾಂಪ್‌ಗ್ರೌಂಡ್‌ನ್ಯಾಗ ಓಲ್ಡ್ ವುಮನ್ ಅನ್ನೂ ಬಂಡೆಗಲ್ಲಿನ ಮ್ಯಾಲ ಡಬಲ್ ಕ್ರಾಸ್ ಅಂತ ಕ್ರ್ಯಾಕ್ (ಸೀಳು) ಐತಿ, ಕಷ್ಟದ ಗ್ರೇಡ್ ಅಮೆರಿಕದ ಲೆಕ್ಕದಾಗ 5.7 ಪ್ಲಸ್. ಬಾದಾಮ್ಯಾಗ ಬೋಲ್ಟ್ ಹೊಡೆದ (ಹಗ್ಗ ಸಿಗಿಸಾಕ ಕಲ್ಲಿಗೆ ಮೊದ್ಲ ಕೂಡ್ಸಿದ ಮೊಳೆ ಇರೂ) ರೂಟ್ ಫ್ರೆಂಚ್ ಲೆಕ್ಕದ 6ಎ ತನಕ, ಅಂದ್ರ ಇದಕ್ಕಿಂತ ಕಷ್ಟದ್ದು, ಲೀಡ್ ಮಾಡೀನಿ, ಕ್ಯಾಮ್ (ಸೀಳಿನೊಳಗ ಬಿಗಿದು, ಬಿದ್ರ ಹಗ್ಗ ಹಿಡಿಯೂ ಸಲಕರಣೆ) ಹಾಕೂದು ಮಾತ್ರ ನೆಲದ ಮ್ಯಾಲ ನಿಂತು ಕಲ್ತಿದ್ದಷ್ಟ. ಗ್ರೇಡ್ ಲೆಕ್ಕದಾಗ ಸಲೀಸು ಆಗ್ಬೇಕಲ್ರಿ?

ಗದಗ_ಬಂಡೆ:
ನಂಬರ್ ನೋಡಿ ಹೋಗಬ್ಯಾಡ ತಮ್ಮಾ. ಬಾದಾಮಿ ಮರಳುಗಲ್ಲಿನ್ಯಾಗ ನೀ ಅಂಚು ಹಿಡ್ದು ಹತ್ತೀದಿ, ಅಲ್ಲೆ ಗ್ರಾನೈಟ್ ಜಾತಿ ಕಲ್ಲು, ಹಿಡಿಲಿಕ್ಕೆ ಅಂಚ ಇರೂದಿಲ್ಲ, ಸೀಳಿನೊಳಗ ಅಂಗೈ ತೂರ್ಸಿ ಹೆಬ್ಬೆರಳು ಒಳಗ ಮಡಚಿದ್ರ ಕೈ ದಪ್ಪ ಆಗಿ ಬಿಗೀತೈತಿ, ಆ ಬಿಗಿ ಮ್ಯಾಲ ಭಾರ ಬಿಡೂದು ಬಂದಿಲ್ಲಂದ್ರ 5.7 ಸೈತ ಕೈ ಸುಸ್ತು ಮಾಡ್ತೈತಿ. ಕಾಲೂ ಹಂಗ, ಪಾದ ಅಡ್ಡ ತಿರುಗಿಸಿ ಒಳಗ ಹಾಕಿ ಆಮ್ಯಾಲ ನೆಟ್ಟಗ ತಿರುವೂದು.
ಇನ್ನೊಂದು ಮಾತು, ಇದನ್ನ ಮಾತ್ರ ಹಗುರ ತಿಳ್ಕೋಬ್ಯಾಡ. ಆ ರೂಟಿನ್ಯಾಗ ಮುಖ್ಯ ಸೀಳು ಮುಟ್ಟೂ ಮೊದಲ ನೆಲದ ಹತ್ರದ್ದ ಕಷ್ಟ ಐತಿ, ಅಲ್ಲೆ ಬಿದ್ದು ಪೆಟ್ಟು ಮಾಡ್ಕೊಂಡವರು ಭಾಳ ಮಂದಿ. ಸುಲಭ ಅಂತ ದೂರ ದೂರ ಕ್ಯಾಮ್ ಹಾಕ್ಕೋತ ಹೋಗೂದ ಕಾರಣ. ಬೋಲ್ಟ್ ಇದ್ದಾಗ ಎಲ್ಲೆ ಹಗ್ಗ ಕ್ಲಿಪ್ ಮಾಡ್ಬೇಕಂತ ಬ್ಯಾರೆಯವರು ಮೊದ್ಲ ವಿಚಾರ ಮಾಡಿರ್ತಾರ, ಟ್ರ್ಯಾಡ್‌ನ್ಯಾಗ (ಕ್ಯಾಮ್ ನಾವ ಹಾಕ್ಕೋತ ಹತ್ತೂದು) ಆ ವಿಚಾರ ಪೂರಾ ನಿಂದ.

ಹುಬ್ಬಳ್ಳಿ_ಹಗ್ಗ:
ಅಣ್ಣಾರು ಹೇಳಿದ್ದು ಖರೆ. ಅಂಗೈ ಅಗಲದ ಸೀಳಂದ್ರ 2 ಮತ್ತ 3 ನಂಬರ್ ಕ್ಯಾಮ್ ಎರಡೆರಡು ಒಯ್ರಿ. ಹಾಕಿದ ಮ್ಯಾಲ ಕ್ಯಾಮಿನ ಹಲ್ಲು (ಕಲ್ಲಿಗೆ ಒತ್ತೂ ಭಾಗ) ಅರ್ಧಕ್ಕಿಂತ ಜಾಸ್ತಿ ಮುಚ್ಚಿರಬೇಕು, ಅಗಲ ತೆರ್ಕೊಂಡು ತುದಿ ಮ್ಯಾಲ ನಿಂತಿದ್ರ ತಗದು ದೊಡ್ಡದು ಹಾಕ್ರಿ. ಕ್ಯಾಮಿನ ದಂಡ (ಹಿಡಿಕಿ ಕಡ್ಡಿ) ನೀವು ಬೀಳೂ ದಿಕ್ಕಿಗೆ ಇರ್ಲಿ. ಕೈಗೆ ಟೇಪ್ ಬೇಕ ಬೇಕು, ಅಲ್ಲಿ ಕಲ್ಲಿನ ಹರಳು ದಪ್ಪ, ಚರ್ಮ ಸುಲೀತೈತಿ.
ಮೊದಲನೇ ಸಲ ಲೀಡ್ ಬ್ಯಾಡ ಅಂತ ನನ್ನ ಅಭಿಪ್ರಾಯ. ಗೊತ್ತಿದ್ದವರ ಹಿಂದ ಸೆಕೆಂಡ್ ಹತ್ರಿ (ಅವ್ರು ಮ್ಯಾಲಿಂದ ಹಗ್ಗ ಹಿಡ್ದಿರ್ತಾರ), ಅವ್ರು ಹಾಕಿದ್ದ ಒಂದೊಂದ ಕ್ಯಾಮ್ ಬಿಚ್ಚುವಾಗ ಹೆಂಗ ಕೂತಿತ್ತು ಅಂತ ನೋಡ್ರಿ, ಅಷ್ಟು ಪಾಠ ನೆಲದ ಮ್ಯಾಲ ಸಿಗೂದಿಲ್ಲ.

ಹಾವೇರಿ_ಹುಡುಗ:
ನೀರು ಮರೀಬ್ಯಾಡ್ರಿ, ಪಾರ್ಕ್ ಒಳಗ ಸಿಗೂದ ಕಡಿಮಿ, ದಿನಕ್ಕ ಒಬ್ಬರಿಗೆ 4 ಲೀಟರ್ ಹತ್ರ ಇಟ್ಕೊಳ್ರಿ. ಮೊಬೈಲ್ ಸಿಗ್ನಲ್ ಸೈತ ಬಹಳ ಕಡೆ ಇಲ್ಲ. ಮರುಭೂಮಿ ಆದ್ರೂ ಡಿಸೆಂಬರ್‌ನ್ಯಾಗ ನೆರಳಿನ್ಯಾಗ ಬೆರಳು ಮರಗಟ್ತಾವು, ಬಿಸಿಲು ಬೀಳೂ ಹೊತ್ತು ಕೇಳ್ಕೊಂಡು ಹೋಗ್ರಿ.

ಧಾರವಾಡ_ಕಲ್ಲೇರಿ:
ಭಾಳ ಉಪಕಾರ್ರೀ. ಹಂಗಂದ್ರ ಅಲ್ಲಿ ಗೈಡ್ ಹಿಡ್ದು ಸೆಕೆಂಡ್ ಹತ್ತತೀನಿ, ಲೀಡ್ ಆಮ್ಯಾಲ ನೋಡೂಣು. ಅಕ್ಕಾರ, ಟೇಪ್ ಅಂದ್ರ ಮೆಡಿಕಲ್ ಶಾಪ್‌ನ್ಯಾಗ ಸಿಗೂ ಬಟ್ಟಿ ಟೇಪ್ ನಡೀತೈತೇನ್ರಿ?

ಹುಬ್ಬಳ್ಳಿ_ಹಗ್ಗ:
ನಡೀತೈತಿ, ಅಗಲಂದು ತಗೊಳ್ರಿ. ಅಂಗೈ ಒಳಗ ಸುತ್ತಬ್ಯಾಡ್ರಿ, ಹಿಂಗೈ ಮತ್ತ ಗೆಣ್ಣು ಮುಚ್ಚಿದ್ರ ಸಾಕು.