ಕೊಣಾಜೆಯಲ್ಲಿ ಕನ್ನಡ ಎಂಎ ತಗೊಳ್ಳುದಾ, ಜರ್ನಲಿಸಂ ತಗೊಳ್ಳುದಾ?

ಕಾರ್ಕಳದ ಓದುಗಿ:
ಈ ವರ್ಷ ಬಿಎ ಮುಗೀತು, ಐಚ್ಛಿಕ ಕನ್ನಡ ಮತ್ತೆ ಜರ್ನಲಿಸಂ ಎರಡೂ ಇತ್ತು. ಕೊಣಾಜೆಯ ಮಂಗಳೂರು ಯೂನಿವರ್ಸಿಟಿಗೇ ಹೋಗುದು ಅಂತ ಗಟ್ಟಿ ಮಾಡಿದ್ದೇನೆ ಆದ್ರೆ ಯಾವುದಕ್ಕೆ ಅರ್ಜಿ ಹಾಕುದು ಅಂತ ಗೊತ್ತಾಗ್ತಾ ಇಲ್ಲ. ಪೇಪರಲ್ಲಿ ಬರೀಬೇಕು ಅಂತ ಆಸೆ ಉಂಟು, ಹಳೆಗನ್ನಡ ಓದ್ಲಿಕ್ಕೆ ಕೂತ್ರೂ ಹೊತ್ತು ಹೋದದ್ದೇ ಗೊತ್ತಾಗುದಿಲ್ಲ. ಮನೇಲಿ ತುಳು, ಮುಂದೆ ತುಳು ಬಗ್ಗೆ ಕೂಡ ಏನಾದ್ರೂ ಮಾಡ್ಬೇಕು ಅಂತ ಉಂಟು. ಅಮ್ಮ ಬಿಎಡ್ ಮಾಡು, ಕೆಲಸ ಸಿಗ್ತದೆ ಅಂತಾರೆ. ಎರಡರಲ್ಲಿ ಯಾವುದಾದ್ರೂ ಓದಿದವ್ರು ಇದ್ರೆ ಹೇಳಿ.

ರಾತ್ರಿಪಾಳಿ:
ನಾನು ಪೇಪರಿನ ಡೆಸ್ಕಲ್ಲಿ ವರದಿ ತಿದ್ದುವವ, ಓದಿದ್ದು ಕನ್ನಡ ಎಂಎ. ನಮ್ಗೆ ರಾತ್ರಿ ವರದಿ ಬರುದು ಹೇಗೆ ಅಂದ್ರೆ "ಬಸ್ ಡಿಕ್ಕಿ ಹೊಡೆದ ಪರಿಣಾಮ ಬೈಕ್ ಸವಾರ ಸ್ಥಳದಲ್ಲೇ ಮೃತಪಟ್ಟ ಘಟನೆ ತೊಕ್ಕೊಟ್ಟು ಬಳಿ ನಡೆದಿದೆ". ಅದರಲ್ಲಿ ಪರಿಣಾಮ, ಘಟನೆ, ನಡೆದಿದೆ ಎಲ್ಲ ತೆಗ್ದು "ತೊಕ್ಕೊಟ್ಟು ಬಳಿ ಬಸ್ ಬಡಿದು ಬೈಕ್ ಸವಾರ ಮೃತಪಟ್ಟಿದ್ದಾರೆ" ಅಂತ ಮಾಡುದು ನನ್ನ ಕೆಲಸ. ಪೇಜ್ ಮಾಡ್ಲಿಕ್ಕೆ ಯಾರು ಬೇಕಾದ್ರೂ ಒಂದು ತಿಂಗಳಲ್ಲಿ ಕಲೀತಾರೆ, ವಾಕ್ಯದ ಕಿವಿ ಮಾತ್ರ ಹಾಗೆ ಬರುದಿಲ್ಲ ಮಾರಾಯ್ರೆ, ಒಂದು ಹಳೆಗನ್ನಡ ಪದ್ಯವನ್ನು ಮೇಷ್ಟ್ರು ಇಡೀ ಪೀರಿಯಡ್ ಬಿಡಿಸಿ ಬಿಡಿಸಿ ಹೇಳಿದ್ದು ಕೇಳಿ ಕೇಳಿ ಬರುದು ಅದು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಇಲ್ಲೇ ಕಲ್ಲಚ್ಚಲ್ಲಿ ಬಂತಲ್ಲ, ಅದನ್ನು ತಂದ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗೇ ಮುಂದೆ ದಾಸರ ಪದ, ಬಸವಪುರಾಣ ಎಲ್ಲ ಅಚ್ಚು ಮಾಡಿಸಿದ್ದು. ಸುದ್ದಿ ಬೇರೆ, ಸಾಹಿತ್ಯ ಬೇರೆ ಅಂತ ಅವ್ರು ನೋಡ್ಲಿಲ್ಲ. ಕನ್ನಡ ತಗೊಳ್ಳಿ.

ಎಂಸಿಜೆ ಫೈನಲ್ ಇಯರ್:
ನಾನು ಓದುದು ಎಂಸಿಜೆ, ಅಂದ್ರೆ ಜರ್ನಲಿಸಂ ಎಂಎ. ಅಣ್ಣ ಹೇಳಿದ್ದು ಡೆಸ್ಕಿಗೆ ಸರಿ, ಫೀಲ್ಡಿಗೆ ಹೋಗುವವ್ರಿಗೆ ಅಷ್ಟು ಸಾಕಾಗುದಿಲ್ಲ. ಪೋಕ್ಸೊ ಕೇಸ್, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸ್ ಬರೀವಾಗ ಮಗುವಿನ ಹೆಸರು ಹಾಕ್ಬಾರ್ದು ಅಂತ ಎಲ್ರಿಗೂ ಗೊತ್ತುಂಟು, ಆದ್ರೆ 23ನೇ ಸೆಕ್ಷನ್ ಪ್ರಕಾರ ಮನೆ ವಿಳಾಸ, ಶಾಲೆ, ನೆರೆಕರೆ, ಕುಟುಂಬದ ವಿವರ ಯಾವುದೂ ಹಾಕ್ಲಿಕ್ಕಿಲ್ಲ. ನಮ್ಮ ಕಡೆ ಸಣ್ಣ ಸಣ್ಣ ಊರು, ಇಂಥಾ ಗ್ರಾಮದ ಇಂಥವರ ಅಂಗಡಿ ಹತ್ರ ಅಂತ ಬರೆದ್ರೆ ಸಾಕು, ಯಾರ ಮನೆ ಮಗು ಅಂತ ಪೂರಾ ಊರಿಗೆ ಗೊತ್ತಾಗ್ತದೆ. ಇದನ್ನು ಕೆಲಸಕ್ಕೆ ಸೇರಿದ ಮೇಲೆ ಕಲೀತೇನೆ ಅಂದ್ರೆ ಅಷ್ಟರಲ್ಲಿ ಒಂದು ಮಗುವಿಗೆ ಅನ್ಯಾಯ ಆಗಿರ್ತದೆ. ಮಾಧ್ಯಮ ಕಾನೂನು, ಆರ್‌ಟಿಐ ಅರ್ಜಿ ಹಾಕುದು, ಕ್ಯಾಮೆರಾ, ಎಡಿಟಿಂಗ್, ರೇಡಿಯೋ ಎಲ್ಲ ನಾನು ಎಂಸಿಜೆಯಲ್ಲೇ ಕಲ್ತದ್ದು. ಈಗ ಇಂಟರ್‌ವ್ಯೂಗೆ ಹೋದ್ರೆ ಮೊದ್ಲು ಕೇಳುದೇ ವಿಡಿಯೋ ಮಾಡ್ಲಿಕ್ಕೆ ಬರ್ತದಾ ಅಂತ.

ಉಡುಪಿ ಉಪನ್ಯಾಸಕಿ:
ಅಮ್ಮ ಹೇಳುದನ್ನು ತಳ್ಳಿ ಹಾಕ್ಬೇಡಿ, ಆದ್ರೆ ಲೆಕ್ಕ ಸರಿಯಾಗಿ ತಿಳ್ಕೊಳ್ಳಿ. ಸರ್ಕಾರಿ ಪಿಯು ಕಾಲೇಜಿಗೆ ಎಂಎಯಲ್ಲಿ 55 ಪರ್ಸೆಂಟ್ ಜೊತೆ ಬಿಎಡ್ ಬೇಕು, ಡಿಗ್ರಿ ಕಾಲೇಜಿಗೆ ಬಿಎಡ್ ಬೇಡ, ನೆಟ್ ಅಥವಾ ಕೆಸೆಟ್ ಅಂತ ಅಧ್ಯಾಪಕರ ಅರ್ಹತಾ ಪರೀಕ್ಷೆ ಆಗ್ಬೇಕು. ನೆಟ್ಟಲ್ಲಿ ಕನ್ನಡವೂ ಉಂಟು ಜರ್ನಲಿಸಮ್ಮೂ ಉಂಟು, ಎರಡಕ್ಕೂ 300 ಮಾರ್ಕ್ಸ್, ಅದರಲ್ಲಿ ನಿಮ್ಮ ಸಬ್ಜೆಕ್ಟಿಂದು 200. ಪಿಯು ಮಟ್ಟದಲ್ಲಿ ಜರ್ನಲಿಸಂ ಇರುವ ಕಾಲೇಜು ಕಡಿಮೆ, ಕನ್ನಡ ಹೆಚ್ಚುಕಡಿಮೆ ಎಲ್ಲಾ ಕಡೆ ಉಂಟು.

ತುಳು ವಿಷಯ ನೀವು ಒಂದೇ ಸಾಲಲ್ಲಿ ಬಿಟ್ರಿ, ನಂಗೆ ಅದೇ ಮುಖ್ಯ ಅನಿಸ್ತು. ಉಡುಪಿಗೆ ಬಂದಾಗ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೆ ಹೋಗಿ. ತುಳು ನಿಘಂಟು ತಯಾರಾದದ್ದು ಅಲ್ಲಿ, 1988ರಿಂದ 1997ರೊಳಗೆ ಆರು ಸಂಪುಟ ಬಂತು. ಊರೂರಿಗೆ ಹೋಗಿ ಜನ ಆಡುವ ಮಾತು ಕೇಳಿ, ತುಳುವಿನ ಜನಪದ ಹಾಡು ಪಾಡ್ದನದಿಂದ ಹೆಕ್ಕಿ ಮಾಡಿದ ಕೆಲಸ ಅದು. ಒಂದು ಸಂಪುಟ ತೆಗ್ದು ಯಾವುದಾದ್ರೂ ಪುಟ ನೋಡಿ, ಒಂದೇ ವಸ್ತುವಿಗೆ ಬೇರೆ ಬೇರೆ ಕಡೆಯ, ಬೇರೆ ಬೇರೆ ಸಮುದಾಯದ ಮಾತು ಹೇಗೆ ಬದಲಾಗ್ತದೆ ಅಂತ ಕಾಣ್ತದೆ. ಅಂಥ ಕೆಲಸ ಮಾಡ್ಬೇಕು ಅಂತಿದ್ರೆ ಭಾಷಾವಿಜ್ಞಾನ, ಜಾನಪದ ಕಲಿಸುವ ಕನ್ನಡ ವಿಭಾಗವೇ ಸರಿ.

ಕಾರ್ಕಳದ ಓದುಗಿ:
ಎಲ್ರಿಗೂ ಥ್ಯಾಂಕ್ಸ್. ಕನ್ನಡ ಫಸ್ಟ್ ಚಾಯ್ಸ್ ಹಾಕ್ತೇನೆ, ಅಮ್ಮನಿಗೂ ಪಿಯು ಲೆಕ್ಚರರ್ ವಿಷಯ ಹೇಳಿದೆ. ಎಂಸಿಜೆಯವ್ರೇ, ಆ ಮಾಧ್ಯಮ ಕಾನೂನಿನ ನೋಟ್ಸ್ ಕಳಿಸ್ತೀರಾ?