ಅಪ್‌ಡೇಟ್: ಅಪ್ಪನ ನಾಣ್ಯಗಳನ್ನು ಉಜ್ಜಲಿಲ್ಲ

ತೀರಿಕೊಂಡ ಅಪ್ಪನ ನಾಣ್ಯಗಳು ಕಪ್ಪಾಗಿವೆ, ಹುಣಸೆಹಣ್ಣು ಹಚ್ಚಿ ಉಜ್ಜಲೇ ಎಂದು ಕಳೆದ ತಿಂಗಳು ಕೇಳಿದ್ದೆ. ಬೇಡವೆಂದು ತಡೆದ ಎಲ್ಲರಿಗೂ ಕೈಮುಗಿಯುತ್ತೇನೆ. ಉಜ್ಜಿದ್ದರೆ ಕಾಲ ಕೊಟ್ಟ ಆ ಬಣ್ಣ ಮತ್ತೆ ಬರುತ್ತಿರಲಿಲ್ಲ. ಆಲ್ಬಮ್‌ನ ಹಳೆಯ ಪಿವಿಸಿ (ಒಂದು ಬಗೆಯ ಪ್ಲಾಸ್ಟಿಕ್) ಹಾಳೆಗಳಿಂದ ಅಂಟಿದ್ದ ಹಸಿರು ಜಿಗುಟನ್ನು ಮಾತ್ರ ಅಸಿಟೋನ್ ಎಂಬ, ಬೇಗ ಹೊತ್ತಿಕೊಳ್ಳುವ ದ್ರಾವಕದಲ್ಲಿ ಅದ್ದಿ ಬಿಡಿಸಿದೆ. ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ ಕುಳಿತು.

1968ರ, ತಾವರೆ ಚಿತ್ರದ ಇಪ್ಪತ್ತು ಪೈಸೆಯನ್ನು ಹೊರತೆಗೆದಾಗ ಅದೇ ಖಾನೆಯಲ್ಲಿ ಮಡಚಿಟ್ಟ ಬಸ್ ಟಿಕೆಟ್ ಸಿಕ್ಕಿತು. ಹಿಂಬದಿಯಲ್ಲಿ ಅಪ್ಪನ ಓರೆ ಅಕ್ಷರ: "ಮಗಳು ಹುಡುಕಿದ್ದು, ತರಕಾರಿ ಚಿಲ್ಲರೆಯಲ್ಲಿ." ನನಗಾಗ ಏಳು ವರ್ಷ. ಅಂದು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಯೆಲ್ಲ ಸುತ್ತಿದ್ದರು.

ಟಿಕೆಟನ್ನು ನಾಣ್ಯದ ಪಕ್ಕದಲ್ಲೇ, ಬೇರೆ ಹೊದಿಕೆಯಲ್ಲಿ ಇಟ್ಟಿದ್ದೇನೆ. ಅವರು ಖಾಲಿ ಬಿಟ್ಟುಹೋದ 1971ರ ಖಾನೆಯನ್ನು ನಾನೇ ತುಂಬುತ್ತೇನೆ.