ಹೆರಿಗೆ ವಾರ್ಡಿನ ಸಹಾಯಕಿ ಕೆಲಸದ ಬಗ್ಗೆ ಕೇಳಿ, ಗೊತ್ತಿರುವುದನ್ನು ಹೇಳುತ್ತೇನೆ

ಚಿಕ್ಕಮಗಳೂರಿನ ಒಂದು ಹೆರಿಗೆ ವಾರ್ಡಿನಲ್ಲಿ ಒಂಬತ್ತು ವರ್ಷದಿಂದ ಸಹಾಯಕಿಯಾಗಿದ್ದೇನೆ. ಕೆಲವರು ಆಯಾ ಅನ್ನುತ್ತಾರೆ, ಕೆಲವರು ಅಕ್ಕ ಅನ್ನುತ್ತಾರೆ. ಗುಂಪಿನಲ್ಲಿ ಈ ಕೆಲಸಕ್ಕೆ ಸೇರುವವರು ಇದ್ದೀರಿ ಅಂತ ಗೊತ್ತಾಯಿತು. ಏನು ಬೇಕಾದರೂ ಕೇಳಿ.

ಪ್ರಶ್ನೆ (ಕಡೂರು): ಎಸ್ಸೆಸ್ಸೆಲ್ಸಿ ಆಗಿದೆ. ಸೋಮವಾರ ಸೇರುತ್ತಿದ್ದೇನೆ. ಬರೀ ಕ್ಲೀನಿಂಗ್ ಕೆಲಸಾನಾ?

ಉತ್ತರ: ಕ್ಲೀನಿಂಗ್ ಇದೆ, ಸುಳ್ಳು ಹೇಳುವುದಿಲ್ಲ. ಹಾಸಿಗೆ ಬಟ್ಟೆ ಬದಲಿಸುವುದು, ಬೆಡ್‌ಪ್ಯಾನ್ ಕೊಡುವುದು, ಸ್ಯಾಂಪಲ್ ಲ್ಯಾಬಿಗೆ ಒಯ್ಯುವುದು, ಹೆರಿಗೆಯಾದವರನ್ನು ಮೊದಲ ಸಲ ಎಬ್ಬಿಸಿ ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು. ಆಗ ಕೈ ಬಿಡಲೇಬೇಡಿ, ಎಷ್ಟೋ ಜನ ಬಾಗಿಲ ಹತ್ತಿರವೇ ತಲೆ ಸುತ್ತಿ ಬೀಳುತ್ತಾರೆ. ಇಂಜೆಕ್ಷನ್, ಮಾತ್ರೆ, ಡ್ರಿಪ್ ನಮ್ಮದಲ್ಲ, ಯಾರು ಅರ್ಜೆಂಟ್ ಮಾಡಿದರೂ ಮುಟ್ಟಬೇಡಿ.

ಆದರೆ ಒಂದು ಮಾತು. ಪ್ಯಾಡ್ ಬದಲಿಸುವವರು ನೀವು. ಹಾಗಾಗಿ ರಕ್ತ ಎಷ್ಟು ಹೋಗುತ್ತಿದೆ ಅನ್ನುವುದು ಡಾಕ್ಟರಿಗಿಂತ ಮೊದಲು ನಿಮ್ಮ ಕಣ್ಣಿಗೆ ಬೀಳುತ್ತದೆ. ನಾನು ಸೇರಿದ ಎರಡನೇ ವರ್ಷ, ತೋಟದ ಕೂಲಿಯವರ ಲೈನ್‌ಮನೆಯಿಂದ ಬಂದಿದ್ದ ಒಬ್ಬಳಿಗೆ ಅರ್ಧ ಗಂಟೆಯಲ್ಲಿ ಎರಡು ಪ್ಯಾಡ್ ಬದಲಿಸಿದೆ. "ಚಳಿ ಆಗ್ತಿದೆ ಅಕ್ಕ" ಅಂದಳು. ಕಂಬಳಿ ಹೊದಿಸಿದೆ. ಸಿಸ್ಟರ್ ಇನ್ನೊಂದು ಹೆರಿಗೆಯಲ್ಲಿದ್ದರು, ಈಗ ಹೋಗಿ ಕರೆದರೆ ಬೈಯುತ್ತಾರೆ ಅಂತ ಬಾಗಿಲಲ್ಲೇ ನಿಂತುಬಿಟ್ಟೆ. ಹತ್ತು ನಿಮಿಷ. ಆಮೇಲೆ ಅವರು ಬಂದು ಹೊಟ್ಟೆ ಮುಟ್ಟಿ ನೋಡಿದರೆ ಗರ್ಭಕೋಶ ಮುದುಡದೆ ಮೆತ್ತಗಿತ್ತು, ಓಡಾಟ ಶುರುವಾಯಿತು, ಡಾಕ್ಟರ್ ಬಂದರು, ರಕ್ತ ಕೊಡಬೇಕಾಯಿತು. ಅವಳು ಉಳಿದಳು. ಆ ಹತ್ತು ನಿಮಿಷ ಇವತ್ತಿಗೂ ನನ್ನ ಜೊತೆಗಿದೆ.

ಪ್ರಶ್ನೆ (ಮೂಡಿಗೆರೆ): ಹೆರಿಗೆ ಆದ ಮೇಲೆ ರಕ್ತ ಹೋಗುವುದು ಸಹಜ ಅಲ್ವಾ? ಜಾಸ್ತಿ ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಸಹಜವೇ. ನಾರ್ಮಲ್ ಹೆರಿಗೆಯಲ್ಲಿ 500 ಎಂಎಲ್ ದಾಟಿದರೆ ಜಾಸ್ತಿ ಅಂತ ಲೆಕ್ಕ. ಅಳೆಯುತ್ತಾ ಕೂರಲು ಆಗುವುದಿಲ್ಲ, ಅದಕ್ಕೆ ಪ್ಯಾಡ್ ನೋಡಿ. ಒಂದು ಗಂಟೆಯೊಳಗೆ ಪೂರ್ತಿ ನೆನೆದರೆ, ದೊಡ್ಡ ಗಡ್ಡೆ ಬಿದ್ದರೆ, ಮುಖ ಬಿಳಿಚಿಕೊಂಡು ತಣ್ಣನೆ ಬೆವರು ಬಂದರೆ ತಕ್ಷಣ ಕರೆಯಿರಿ. ನೆನೆದ ಪ್ಯಾಡನ್ನು ಎಸೆಯಬೇಡಿ, ಸಿಸ್ಟರ್‌ಗೆ ತೋರಿಸಿ. ಬೆನ್ನಿನ ಕೆಳಗೂ ಕೈ ಹಾಕಿ ನೋಡಿ, ಮೇಲೆ ಪ್ಯಾಡ್ ಒಣಗಿದ್ದು ಕೆಳಗೆ ರಕ್ತ ನಿಂತಿರುವುದುಂಟು. ಮೊದಲ ಎರಡು ಗಂಟೆ ಕಾಲು ಗಂಟೆಗೊಮ್ಮೆ ನೋಡಬೇಕು. ಮೂತ್ರ ಹೋಯಿತಾ ಅಂತ ಕೇಳುವುದನ್ನು ಮರೆಯಬೇಡಿ. ಮೂತ್ರಚೀಲ ತುಂಬಿದ್ದರೆ ಗರ್ಭಕೋಶ ಗಟ್ಟಿಯಾಗಿ ಮುದುಡುವುದಿಲ್ಲ, ರಕ್ತ ನಿಲ್ಲುವುದಿಲ್ಲ.

ಗಮನಿಸಬೇಕಾದ ಇನ್ನೊಂದು ಲಕ್ಷಣ ತಲೆನೋವು. ಜೋರು ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಅಂದರೆ ಬಿಪಿ ಏರಿರಬಹುದು. 140/90 ದಾಟಿದ್ದರೆ ಸುಮ್ನೆ ಬಿಡುವ ಹಾಗಿಲ್ಲ. ಹೆರಿಗೆ ಮುಗಿದ ಮೇಲೂ ಫಿಟ್ಸ್ ಬರಬಹುದು. ಮನೆಯವರು ಗಾಳಿ ಸೋಕಿದೆ ಅಂತ ತಾಯತ ಹುಡುಕುತ್ತಾರೆ, ನೀವು ಸಿಸ್ಟರನ್ನು ಹುಡುಕಿ.

ಪ್ರಶ್ನೆ (ಕೊಪ್ಪ): ನಮ್ಮ ಕಡೆ ಜುಲೈ ಮಳೆಯಲ್ಲಿ ವಿಪರೀತ ಚಳಿ. ಅಜ್ಜಿಯಂದಿರು ಮಗುವಿಗೆ ಆಗಲೇ ಬಿಸಿನೀರು ಸ್ನಾನ, ಜೇನುತುಪ್ಪ ಅನ್ನುತ್ತಾರೆ. ಹೇಗೆ ತಡೆಯುವುದು?

ಉತ್ತರ: ಸ್ನಾನ ಕನಿಷ್ಠ 24 ಗಂಟೆ ಬೇಡ. ಮಗುವಿನ ಮೈ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು, ಒದ್ದೆ ಮೈ ಬೇಗ ತಣ್ಣಗಾಗುತ್ತದೆ. ಒರೆಸಿ, ತಾಯಿಯ ಎದೆ ಮೇಲೆ ಬರಿಮೈಗೆ ಬರಿಮೈ ತಾಗುವ ಹಾಗೆ ಮಲಗಿಸಿ, ಮೇಲೆ ಹೊದಿಸಿ, ತಲೆಗೆ ಟೋಪಿ ಹಾಕಿ. ಪಾದವೂ ಹೊಟ್ಟೆಯೂ ತಣ್ಣಗಿದ್ದರೆ ಸಿಸ್ಟರ್‌ಗೆ ಹೇಳಿ. ಜೇನುತುಪ್ಪ, ಸಕ್ಕರೆ ನೀರು ಯಾವುದೂ ಬೇಡ, ಒಂದು ಗಂಟೆಯೊಳಗೆ ಹಳದಿ ಗಿಣ್ಣು ಹಾಲು ಸಿಗಬೇಕು.

ಅಜ್ಜಿಯ ಜೊತೆ ಜಗಳ ಮಾತ್ರ ಮಾಡಬೇಡಿ. ಅವರಿಗೆ ಮಗುವಿಗಾಗಿ ಏನಾದರೂ ಮಾಡಬೇಕು ಅನ್ನುವ ಆಸೆ. "ಅಜ್ಜಿ, ಟೋಪಿ ನೀವೇ ಹಾಕಿ, ಪಾದ ಬೆಚ್ಚಗಿದೆಯಾ ಆಗಾಗ ಮುಟ್ಟಿ ನನಗೆ ಹೇಳಿ" ಅನ್ನುತ್ತೇನೆ. ಅವರಷ್ಟು ಚೆನ್ನಾಗಿ ಕಾಯುವವರು ಇನ್ಯಾರೂ ಇಲ್ಲ.

ಪ್ರಶ್ನೆ (ಹಾಸನ): ನನ್ನ ತಂಗಿಯ ಹೆರಿಗೆಯಲ್ಲಿ ಗಂಡಾದರೆ ಸಾವಿರ, ಹೆಣ್ಣಾದರೆ ಐನೂರು ಅಂತ ಕೇಳಿ ತೆಗೆದುಕೊಂಡರು. ನೀವೂ ತೆಗೆದುಕೊಳ್ಳುತ್ತೀರಾ?

ಉತ್ತರ: ಇಲ್ಲ. ನಿಮ್ಮ ತಂಗಿಗೆ ಆಗಿದ್ದು ತಪ್ಪು, ಓದಿ ಹೊಟ್ಟೆ ಉರಿಯಿತು. ಸರ್ಕಾರಿ ಆಸ್ಪತ್ರೆಯಲ್ಲಿ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ವಾಪಸ್ ಮನೆಗೆ ವಾಹನ ಎಲ್ಲ ಉಚಿತ. ನಾರ್ಮಲ್ ಆದರೆ 3 ದಿನ, ಸಿಸೇರಿಯನ್ ಆದರೆ 7 ದಿನದವರೆಗೆ ಊಟವೂ ಉಚಿತ. ದುಡ್ಡು ಕೇಳಿದ ಮೇಲೆ ಏನಾಗುತ್ತದೆ ಗೊತ್ತಾ? ಕೊಡಲು ಆಗದವಳು ರಾತ್ರಿ ನಮ್ಮನ್ನು ಕರೆಯಲು ಹೆದರುತ್ತಾಳೆ. ಪ್ಯಾಡ್ ತುಂಬಿದರೂ ಹೇಳದೆ ಮುದುಡಿ ಮಲಗುತ್ತಾಳೆ.

ಪ್ರಶ್ನೆ (ಸಕಲೇಶಪುರ): ನಮ್ಮನ್ನು ಗುತ್ತಿಗೆಯಲ್ಲಿ ಕೆಲಸಕ್ಕೆ ಇಡುವ ಏಜೆನ್ಸಿಯವರು ಸಂಬಳ ತಡ ಮಾಡುತ್ತಾರೆ, ಅದಕ್ಕೇ ಆಯಾಗಳು ಕೈ ಚಾಚುತ್ತಾರೆ ಅಲ್ವಾ?

ಉತ್ತರ: ತಡ ಆಗುವುದು ನಿಜ, ನಾನೂ ಅನುಭವಿಸಿದ್ದೇನೆ. ಅದನ್ನು ಏಜೆನ್ಸಿಯ ಹತ್ತಿರ ಕೇಳೋಣ, ಬಾಣಂತಿಯ ಹತ್ತಿರ ಅಲ್ಲ. ಸೇರುವಾಗಲೇ ಪಿಎಫ್, ಇಎಸ್‌ಐ ನಂಬರ್ ಕೇಳಿ ಪಡೆಯಿರಿ.

ಪ್ರಶ್ನೆ (ಕಡೂರು): ಸೂಜಿ ಚುಚ್ಚಿದರೆ? ಆಮೇಲೆ, ಸಿಸ್ಟರ್ ಬೈದರೆ?

ಉತ್ತರ: ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್, ಈಗಲೇ ಶುರು ಮಾಡಿ. ಚುಚ್ಚಿದರೆ ಹಿಂಡಬೇಡಿ, ನಲ್ಲಿ ನೀರಲ್ಲಿ ಸೋಪು ಹಾಕಿ ತೊಳೆದು ಆಗಲೇ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು.

ಬೈದರೆ ಬೈಯಲಿ. ಹೋಗಿ "ಸಿಸ್ಟರ್ ಸ್ವಲ್ಪ ಬನ್ನಿ" ಅನ್ನಬೇಡಿ, ಅದು ಯಾರ ಕಿವಿಗೂ ಬೀಳುವುದಿಲ್ಲ. "ಆರನೇ ಬೆಡ್, ಅರ್ಧ ಗಂಟೆಯಲ್ಲಿ ಎರಡು ಪ್ಯಾಡ್ ತುಂಬಿದೆ, ಮೈ ತಣ್ಣಗಿದೆ, ಈಗಲೇ ಬನ್ನಿ" ಅನ್ನಿ. ಬರದಿದ್ದರೆ ಇನ್ನೊಬ್ಬರನ್ನು ಕರೆಯಿರಿ. ಸೋಮವಾರ ಉಗುರು ಕತ್ತರಿಸಿ, ಬಳೆ ತೆಗೆದಿಟ್ಟು ಹೋಗಿ. ನೈಟ್ ಡ್ಯೂಟಿ ಹಾಕಿದ್ದರೆ ಸ್ವೆಟರ್ ಇರಲಿ.